ತಮ್ಮನ ಶಾರ್ಡೊನೆ

ನನ್ನ ತಮ್ಮ ಉದ್ಯಮಬಾಗದಲ್ಲಿ ಹಾಲಿನ ಟ್ಯಾಂಕುಗಳನ್ನು ಮಾಡುತ್ತಿದ್ದ. ಸುತ್ತಲೂ ಎರಕದ ಕಾರ್ಖಾನೆಗಳ ಕಪ್ಪು ಹುಡಿ, ನಡುವೆ ಅವನದೊಂದು ತಗಡಿನ ಶೆಡ್ಡು, ಅದರೊಳಗೆ ಮುಖ ಕಾಣುವಷ್ಟು ಹೊಳೆಯುವ ಸ್ಟೀಲಿನ ಟ್ಯಾಂಕುಗಳು. ಡೇರಿಯವರು ಬಂದು ಒಯ್ಯುತ್ತಿದ್ದರು. ಒಂದು ಸಲ ಮಹಾರಾಷ್ಟ್ರದ ಕಡೆಯಿಂದ ಯಾರೋ ಬಂದು, ಇಂಥದೇ ಟ್ಯಾಂಕು ಬೇಕು, ಆದರೆ ಹಾಲಿಗಲ್ಲ, ವೈನಿಗೆ ಎಂದರು. ಅದನ್ನು ಕೂಡಿಸಿಕೊಡಲು ಹೋದವನು ವಾರಗಟ್ಟಲೆ ಅಲ್ಲೇ ಉಳಿದ. ತಿರುಗಿ ಬಂದಾಗ ಅವನ ಮಾತೇ ಬೇರೆಯಾಗಿತ್ತು.

“ಅಕ್ಕಾ, ದ್ರಾಕ್ಷಿರಸ ಹುದುಗು ಏಳೂ ಮುಂದ ಬರೂ ವಾಸ್ನಿ ನೀ ಒಮ್ಮೆರ ನೋಡಬೇಕ. ಟ್ಯಾಂಕಿನ ಬಾಯಾಗ ತಲಿ ಇಟ್ಕೊಂಡ ಕುಂದರಬೇಕ ಅನಸ್ತೈತಿ.”

“ಹಂಗ ಕುಂತ್ರ ಸಾಯ್ತಿ,” ಎಂದೆ ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು; ಹುದುಗು ಏಳುವಾಗ ಯಾವ ಗಾಳಿ ಹೊರಡುತ್ತದೆಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅವನು ನಕ್ಕ. ನನಗಿಂತ ಬಹಳ ಚಿಕ್ಕವನು. ಅಪ್ಪ ಹೋದ ಮೇಲೆ ಅವನ ಕೈಹಿಡಿದು ಸಾಲೆಗೆ ಕರೆದೊಯ್ದದ್ದು, ಐಟಿಐಗೆ ಸೇರಿಸಿದ್ದು, ಕಡೆಗೆ ಹೆಣ್ಣು ನೋಡಿ ಮದುವೆ ಮಾಡಿದ್ದು ಎಲ್ಲ ನಾನೇ. ನನ್ನ ಮದುವೆಯ ಮಾತು ಆ ಗಡಿಬಿಡಿಯಲ್ಲಿ ಹಿಂದೆ ಬಿತ್ತು. ಆಮೇಲೆ ಯಾರೂ ಅದನ್ನು ಎತ್ತಲಿಲ್ಲ. ಶಿವಬಸವ ನಗರದ ಮನೆಯಲ್ಲಿ ಅವ್ವ ಮತ್ತು ನಾನು, ರಾಮತೀರ್ಥ ನಗರದ ಬಾಡಿಗೆ ಮನೆಯಲ್ಲಿ ಅವನು ಮತ್ತು ಅವನ ಹೆಂಡತಿ. ಎರಡೂ ಮನೆಗಳಲ್ಲಿ ಯಾರೂ ಕುಡಿದವರಲ್ಲ. ಹೆಂಡದ ಅಂಗಡಿಯ ಮುಂದೆ ಹಾಯುವಾಗ ಅವ್ವ ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದಳು.

ತಮ್ಮನ ಹೆಂಡತಿಯ ತವರು ಖಾನಾಪುರ. ಮರಾಠಿ ಮನೆಮಾತಿನವಳು, ನನ್ನನ್ನು ‘ಅಕ್ಕಾರ’ ಎಂದು ಕರೆಯುತ್ತಿದ್ದಳು. ಅವಳ ತವರಿನವರಿಗೆ ಗುರುತಿದ್ದ ಒಬ್ಬ ಮುದುಕರ ಹೊಲ ಖಾನಾಪುರದಿಂದ ಪೂರ್ವಕ್ಕೆ, ಮಳೆಯ ಆರ್ಭಟ ತುಸು ಇಳಿಯುವ ಕಡೆ ಇತ್ತು. ಅವರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ಪ್ರಾಯದಲ್ಲಿ ಹಡಗುಗಳ ಊಟದ ಕೋಣೆಯಲ್ಲಿ ದುಡಿದು, ಹೆಂಡತಿ ತೀರಿಕೊಂಡ ಮೇಲೆ ಊರಿಗೆ ಬಂದು ಗೋಡಂಬಿ ಗಿಡಗಳನ್ನು ನೋಡಿಕೊಂಡಿದ್ದರು. ತಮ್ಮ ಅವರ ಮುಂದೆ ವೈನಿನ ಮಾತು ತೆಗೆದದ್ದೇ ತಡ, ಮುದುಕರು ಎದ್ದು ಹೋಗಿ ಹೊಲದ ಒಂದು ಇಳಿಜಾರನ್ನು ತೋರಿಸಿ, “ಹಾಕು ಬಾಬಾ, ಇಲ್ಲೇ ಹಾಕು,” ಎಂದರಂತೆ.

ಹೀಗೆ ಮಹಾರಾಷ್ಟ್ರದಿಂದ ಶಾರ್ಡೊನೆ ಎಂಬ ಜಾತಿಯ ಬಳ್ಳಿಯ ಕಡ್ಡಿಗಳು ಬಂದವು. ಅವ್ವನಿಗೆ ಅದು ಎಷ್ಟು ಹೇಳಿದರೂ ‘ಶಾರದಾ’ ಎಂದೇ ಕೇಳಿಸುತ್ತಿತ್ತು.

“ಯಾವ ಶಾರದಾ? ಯಾರ ಪೈಕಿ?”

“ಅವ್ವಾ, ಅದು ದ್ರಾಕ್ಷಿ. ಬಿಳೀ ದ್ರಾಕ್ಷಿ. ಫ್ರಾನ್ಸಿಂದ ಬಂದದ್ದು.”

“ಅಷ್ಟ ದೂರಿಂದ ಬಂದು ಇಲ್ಲಿ ಬದಕತೈತೇನಪಾ ಅದು?”

ಅದನ್ನೇ ಎಲ್ಲರೂ ಕೇಳಿದ್ದು. ದ್ರಾಕ್ಷಿ ಏನಿದ್ದರೂ ಅಥಣಿ, ವಿಜಯಪುರದ ಬಿಸಿಲಿಗೆ. ಖಾನಾಪುರದ ಮಳೆಗೆ ಎಲೆ ಕೊಳೆತು ಹೋಗುತ್ತದೆ ಎಂದರು. ಮೊದಲ ಎರಡು ಮಳೆಗಾಲ ಕೊಳೆತೂ ಹೋಯಿತು. ತಮ್ಮ ಪ್ರತಿ ಭಾನುವಾರ ಮೋಟರ್‌ಸೈಕಲ್ ಹತ್ತಿ ಹೋಗಿ ಮೈಲುತುತ್ತ, ಸುಣ್ಣ ಕಲಸಿ ಸಿಂಪಡಿಸುತ್ತಿದ್ದ. ಸೋಮವಾರ ಶೆಡ್ಡಿಗೆ ಹೋಗುವಾಗಲೂ ಅವನ ಉಗುರುಗಳು ನೀಲಿಯಾಗಿರುತ್ತಿದ್ದವು. ಪರವಾನಗಿಗೆ ಓಡಾಡಿದ್ದು ಬೇರೆ. ಮುದುಕರ ಗೋಡಂಬಿ ಗೋದಾಮನ್ನು ಸುಣ್ಣ ಬಳಿದು ಶುದ್ಧ ಮಾಡಿ, ತಾನೇ ಬೆಸೆದ ಎರಡು ಟ್ಯಾಂಕುಗಳನ್ನು ಒಳಗೆ ನಿಲ್ಲಿಸಿದ. ಹಾಲು ತಂಪು ಮಾಡುವ ಹಳೆಯ ಯಂತ್ರವೊಂದನ್ನು ಯಾವುದೋ ಡೇರಿಯಿಂದ ತಂದು, ಟ್ಯಾಂಕಿನ ಸುತ್ತ ತಣ್ಣೀರು ಹರಿಯುವಂತೆ ಮಾಡಿದ. ಕರೆಂಟು ಹೋದರೆ ಡೀಸೆಲ್ ಜನರೇಟರು. ಹಗಲು ಉದ್ಯಮಬಾಗ, ಸಂಜೆ ಖಾನಾಪುರ. ಅವನ ಹೆಂಡತಿ, “ಅಕ್ಕಾರ, ನಿಮ್ಮ ತಮ್ಮಗ ನಾ ಒಬ್ಬಾಕಿ ಅದೀನಿ ಅನ್ನೂದ ನೆನಪಿಲ್ಲ,” ಎಂದು ನಗುತ್ತಲೇ ದೂರುತ್ತಿದ್ದಳು.

ಎರಡು ಸಾವಿರದ ಇಸವಿಯ ಬೇಸಿಗೆಯ ಮೊದಲಿಗೆ ಮೊದಲ ಸಲ ಕೊಯ್ಯುವಷ್ಟು ಹಣ್ಣು ಬಂತು. ನಾವೆಲ್ಲ ಹೋಗಿದ್ದೆವು. ಸಣ್ಣ ಗೊಂಚಲು, ಸಣ್ಣ ಕಾಳು. ನೆರಳಿನ ಬದಿ ಹಸಿರು, ಬಿಸಿಲಿನ ಬದಿ ಜೇನಿನ ಬಣ್ಣ. ಅವ್ವ ಒಂದನ್ನು ಬಾಯಿಗೆ ಹಾಕಿಕೊಂಡು, “ಬರೇ ಬೀಜ ಐತಿ. ಸಿಪ್ಪಿನೂ ದಪ್ಪ,” ಎಂದು ಉಗುಳಿದಳು. ಆದರೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಸಂಜೆಯವರೆಗೂ ಎಲ್ಲರೊಡನೆ ಕೊಯ್ದವಳು ಅವಳೇ.

ರಸಕ್ಕೆ ಹುದುಗು ಎದ್ದ ದಿನಗಳಲ್ಲಿ ತಮ್ಮ ಒಂದು ಸ್ಟೀಲ್ ಡಬ್ಬಿಯಲ್ಲಿ ಸ್ವಲ್ಪ ತುಂಬಿಕೊಂಡು ನಮ್ಮ ಮನೆಗೆ ಬಂದ. ಒಳಗೆ ತರಲು ಅವ್ವ ಬಿಡಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ಮುಚ್ಚಳ ತೆಗೆದ. ನಮ್ಮ ಮನೆಯಲ್ಲಿ ಮೂಗಿಗೆ ಹೆಸರಾದವಳು ನಾನು. ಹಾಲು ಒಡೆಯುವ ಮೊದಲೇ ಹೇಳುತ್ತೇನೆಂದು ಅವ್ವ ನನಗೆ ‘ಬೆಕ್ಕಿನ ಮೂಗು’ ಎನ್ನುತ್ತಿದ್ದಳು. ಬಗ್ಗಿ ಮೂಸಿದೆ.

“ಪೇರಲ ಹಣ್ಣು,” ಎಂದೆ.

“ಹೌದಲ್ಲ! ಖರೇನ ಪೇರಲ!” ಅವನು ಡಬ್ಬಿಯನ್ನು ಕಸಿದುಕೊಂಡು ತಾನೂ ಮೂಸಿ, ಕಣ್ಣು ಮುಚ್ಚಿ ಸುಮ್ಮನೆ ಕೂತ. ಅಷ್ಟು ನೆಮ್ಮದಿಯ ಮುಖವನ್ನು ನಾನು ಅವನಲ್ಲಿ ಆಮೇಲೆ ನೋಡಲಿಲ್ಲ.

ಮೇ ತಿಂಗಳ ಒಂದು ಸಂಜೆ ಖಾನಾಪುರದಿಂದ ತಿರುಗಿ ಬರುತ್ತಿದ್ದಾಗ, ದೇಸೂರ ದಾಟಿದ ಮೇಲೆ, ರಸ್ತೆಗೆ ಎಮ್ಮೆಯ ಕರು ಅಡ್ಡ ಬಂತು. ಅದನ್ನು ತಪ್ಪಿಸಲು ಹೋಗಿ ಬಿದ್ದ. ತಲೆಯ ಹಿಂಭಾಗ ರಸ್ತೆಗೆ ಬಡಿದಿತ್ತು. ದವಾಖಾನೆಗೆ ನಾನು ಹೋಗಿ ಮುಟ್ಟಿದಾಗ ಅವನಿಗೆ ಗುರುತು ಹತ್ತುತ್ತಿರಲಿಲ್ಲ. ಅವನ ಹೆಂಡತಿಗೆ ಏಳು ತಿಂಗಳು. ಗೋಡೆಗೆ ಒರಗಿ ನಿಂತಿದ್ದಳು. ಅವ್ವ ಮಾತ್ರ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಜಪ ಮಾಡುತ್ತಲೇ ಇದ್ದಳು. ಕೆಲವು ದಿನಗಳಲ್ಲಿ ಅವನು ಕಣ್ಣು ಬಿಟ್ಟ, ನಮ್ಮೆಲ್ಲರನ್ನೂ ಗುರುತಿಸಿದ. ಕೈಕಾಲು ಸರಿಯಾಗಿದ್ದವು. ದೇವರು ದೊಡ್ಡವನು ಎಂದುಕೊಂಡು ಮನೆಗೆ ಕರೆತಂದೆವು.

ಮನೆಗೆ ಬಂದ ದಿನ ಅವ್ವ ಅವನಿಗೆ ಇಷ್ಟವಾದ ಶೇಂಗಾ ಹೋಳಿಗೆ ಮಾಡಿದ್ದಳು. ಎರಡು ತುತ್ತು ತಿಂದು, “ಅವ್ವಾ, ಶೇಂಗಾ ಹುರಿಯಾಕ ಮರತೀ ಏನು? ಬರೇ ಸಿಹಿ ಹತ್ತತೈತಿ,” ಎಂದ. ಹುರಿದ ಶೇಂಗಾದ ವಾಸನೆ ಇನ್ನೂ ಅಡುಗೆಮನೆಯ ತುಂಬ ಇತ್ತು. ನಾನು ಅವ್ವನನ್ನು ನೋಡಿದೆ, ಅವ್ವ ನನ್ನನ್ನು ನೋಡಿದಳು. ಅವನು ಹೋಳಿಗೆಯನ್ನು ಮೂಗಿನ ಹತ್ತಿರ ಒಯ್ದು ಎಳೆದೆಳೆದು ಮೂಸಿದ. ಆಮೇಲೆ ತುಪ್ಪದ ಬಟ್ಟಲು. ಆಮೇಲೆ ಎದ್ದು ಹೋಗಿ ಇಂಗಿನ ಡಬ್ಬಿ ತೆಗೆದು ಅದರೊಳಗೆ ಮೂಗಿಟ್ಟ. ಅಡುಗೆಮನೆಯ ಬಾಗಿಲಲ್ಲಿ ಡಬ್ಬಿ ಹಿಡಿದುಕೊಂಡು ನಿಂತ ಅವನಿಗೆ ನಮ್ಮ ಕಡೆ ತಿರುಗಲು ಬಹಳ ಹೊತ್ತು ಹಿಡಿಯಿತು.

ಮೂಗಿನಿಂದ ಮೆದುಳಿಗೆ ಹೋಗುವ ನರಗಳು ಕೂದಲಿನಂತೆ ಸಣ್ಣವು, ತಲೆ ಬಡಿದ ಪೆಟ್ಟಿಗೆ ಹರಿದಿರಬೇಕು ಎಂದರು ಡಾಕ್ಟರು. ಬಂದರೆ ಒಂದು ವರ್ಷದೊಳಗೆ ತಾನಾಗಿ ಬರುತ್ತದೆ, ಬರದಿದ್ದರೆ ಇಲ್ಲ; ಔಷಧವಿಲ್ಲ. “ಜೀವ ಉಳದೈತಿ, ಅದನ್ನ ನೆನಸ್ರಿ,” ಎಂದು ಅವನ ಭುಜ ತಟ್ಟಿದರು. ನಾಲಿಗೆಗೆ ಏನೂ ಆಗಿರಲಿಲ್ಲ. ಸಿಹಿ, ಹುಳಿ, ಉಪ್ಪು, ಕಹಿ, ಖಾರ ಅವನಿಗೆ ಹತ್ತುತ್ತಿದ್ದವು. ಉಳಿದದ್ದೆಲ್ಲ ವಾಸನೆಯ ಕೆಲಸವೆಂದು ನಾನು ಪುಸ್ತಕದಲ್ಲಿ ಓದಿದ್ದೆ. ಅದರ ಅರ್ಥ ತಿಳಿದದ್ದು, ಅವನು ಚಹಾ ಕುಡಿದು, “ಬಿಸಿ ಸಕ್ರಿ ನೀರು,” ಎಂದಾಗ.

ಜೂನಿನಲ್ಲಿ ಮಳೆ ಹಿಡಿಯಿತು. ಯಾರಾದರೂ ಕೇಳಿದರೆ ಅವನು, “ಬರಾಕತ್ತೈತಿ, ಸ್ವಲ್ಪ ಸ್ವಲ್ಪ ಬರಾಕತ್ತೈತಿ,” ಎನ್ನುತ್ತಿದ್ದ. ನಾವು ನಂಬಿದೆವು. ಒಂದು ಮುಂಜಾನೆ ಅವನ ಹೆಂಡತಿ ಸ್ನಾನ ಮಾಡಿ ಬರುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿ, ಮನೆಯೆಲ್ಲ ಗ್ಯಾಸು ತುಂಬಿತ್ತಂತೆ. ಅವನು ಅದೇ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪೇಪರ್ ಓದುತ್ತಿದ್ದನಂತೆ. ಅವಳು ಅದನ್ನು ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ. “ಅವರ ಮುಂದ ಕೇಳಬ್ಯಾಡ್ರಿ, ಅಕ್ಕಾರ. ನಾ ಚೀರಿದ್ದಕ್ಕ ಭಾಳ ನೊಂದಾರ,” ಎಂದಳು.

ಶ್ರಾವಣದಲ್ಲಿ ಅವನಿಗೆ ಮಗಳು ಹುಟ್ಟಿದಳು. ಎಣ್ಣೆ ಹಚ್ಚಿ ಎರೆದು, ಮೆತ್ತನೆಯ ಹಳೆಯ ಸೀರೆಯಲ್ಲಿ ಸುತ್ತಿ ಕೂಸನ್ನು ಅವ್ವ ಅವನ ಕೈಗೆ ಕೊಟ್ಟಳು. ಅವನು ಮುಖವನ್ನು ಕೂಸಿನ ನೆತ್ತಿಗೆ ಒತ್ತಿ ಉಸಿರೆಳೆದ. ಮತ್ತೆ ಎಳೆದ. ನಾನು ಮಂಚದ ಆ ಬದಿ ಕೂತು ನೋಡುತ್ತಿದ್ದೆ. ಏನನ್ನೋ ಕಾಯುವವನಂತೆ ಅವನ ಕಣ್ಣು ಗೋಡೆಯ ಮೇಲೆ ನಿಂತಿತ್ತು. ಆಮೇಲೆ ಅವನು ಕೂಸನ್ನು ಮೆಲ್ಲಗೆ ಹೆಂಡತಿಯ ಮಗ್ಗುಲಿಗೆ ಇಟ್ಟು ಹೊರಗೆ ಹೋದ. ನಾನು ಹಿಂದೆಯೇ ಹೋದೆ. ವರಾಂಡದ ಕಂಬಿ ಹಿಡಿದು ಮಳೆ ನೋಡುತ್ತಿದ್ದ.

“ಬಂದಿಲ್ಲ ಅಕ್ಕಾ,” ಎಂದ. “ಏನಂದ್ರ ಏನೂ ಬಂದಿಲ್ಲ. ನಾ ಸುಳ್ಳ ಹೇಳ್ಕೋತ ಇದ್ದೆ.”

ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ.

ಅಷ್ಟು ದಿನ ಟ್ಯಾಂಕಿನಲ್ಲಿದ್ದ ವೈನಿನ ಮಾತನ್ನು ಯಾರೂ ಎತ್ತಿರಲಿಲ್ಲ. ಮುದುಕರು ಯಂತ್ರ ನಡೆಸಿಕೊಂಡು, ಟ್ಯಾಂಕು ತಂಪಾಗಿಟ್ಟುಕೊಂಡು ಕಾದಿದ್ದರು. ಈಗ ಕಾಯುವ ಹಾಗಿರಲಿಲ್ಲ. ಗೋವೆಯ ಒಬ್ಬ ಹೋಟೆಲಿನವರು ಗಣೇಶನ ಹಬ್ಬ ಕಳೆದ ಮೇಲೆ ಬಂದು ರುಚಿ ನೋಡುವೆನೆಂದು ಹೇಳಿ ಕಳಿಸಿದ್ದರು. ಅವರ ಮುಂದೆ ಇಡುವ ಮೊದಲು, ಅದು ಬಾಟಲಿಗೆ ತುಂಬಿ ಶಾರ್ಡೊನೆ ಎಂದು ಹೆಸರು ಹಚ್ಚುವಂಥದ್ದೋ, ಇಲ್ಲ ಬಟ್ಟಿ ಇಳಿಸುವವರಿಗೆ ಕೊಟ್ಟು ಕೈತೊಳೆದುಕೊಳ್ಳುವಂಥದ್ದೋ ಎಂದು ತಮ್ಮ ನಿರ್ಧರಿಸಬೇಕಿತ್ತು. ಮುದುಕರ ನಾಲಿಗೆಯನ್ನು ನಂಬುವಂತಿರಲಿಲ್ಲ. ಅವರಿಗೆ ವೈನ್ ಎಂದರೆ ಎಲ್ಲವೂ ಫಸ್ಟ್ ಕ್ಲಾಸ್.

ಒಂದು ಭಾನುವಾರ ತಮ್ಮ ಚೀಲ ತುಂಬ ಸಾಮಾನು ಹೊತ್ತುಕೊಂಡು ನಮ್ಮ ಮನೆಗೆ ಬಂದ. “ಅಕ್ಕಾ, ನೀ ಹೇಳಬೇಕ. ನನಗ ಮತ್ತ ಯಾರೂ ಇಲ್ಲ,” ಎಂದ.

“ನಾ ಜೀವನದಾಗ ಮುಟ್ಟಿಲ್ಲೋ ಅದನ್ನ!”

“ಮೂಗ ಐತಲ್ಲ ನಿನಗ. ಉಳದದ್ದ ನಾ ಕಲಸ್ತೀನಿ.”

ಅಡುಗೆಮನೆಯ ನೆಲದ ಮೇಲೆ ಬಟ್ಟಲುಗಳನ್ನು ಸಾಲಾಗಿ ಇಟ್ಟ. ಮೋಸಂಬಿ ಸಿಪ್ಪೆ, ಅನಾನಸು, ಬೆಣ್ಣೆ, ನೆನೆಸಿದ ಗೋಡಂಬಿ, ಶಿರ್ಕಾ ಎನ್ನುವ ವಿನೆಗರು, ಕಡ್ಡಿಪೆಟ್ಟಿಗೆಯ ಸುಟ್ಟ ಕಡ್ಡಿ, ಒದ್ದೆಯಾದ ಗೋಣಿತಟ್ಟಿನ ಚೂರು. ನನ್ನ ಕಣ್ಣಿಗೆ ಟವೆಲ್ ಕಟ್ಟಿ ಒಂದೊಂದನ್ನೇ ಮೂಗಿನ ಕೆಳಗೆ ಹಿಡಿಯುತ್ತಿದ್ದ. ಯಾವುದು ಬಂದರೆ ವೈನ್ ಚಲೋ, ಯಾವುದು ಬಂದರೆ ಕೆಟ್ಟಿದೆ ಎಂದು ಹೇಳಿಕೊಡುತ್ತಿದ್ದ. ಗೋಣಿತಟ್ಟು ಬಂದರೆ ಮುಗಿಯಿತು. ಶಿರ್ಕಾ ಬಂದರಂತೂ ಮಾತೇ ಇಲ್ಲ. ಅವನಿಗೆ ಆ ವಾಸನೆಗಳೆಲ್ಲ ನೆನಪಿನಲ್ಲಿ ಅಚ್ಚಳಿಯದೆ ಇದ್ದವು. “ಬೆಣ್ಣಿ ಅಂದ್ರ ಫ್ರಿಜ್ಜಿನ್ಯಾಗಿಂದ ಅಲ್ಲ, ಆಗಷ್ಟ ಕಡದದ್ದು, ಸ್ವಲ್ಪ ಹುಳಿ ಇರತೈತಿ ನೋಡು, ಅದು,” ಎನ್ನುವಾಗ ದನಿ ಮೆತ್ತಗಾಗುತ್ತಿತ್ತು. ಅವ್ವ ಮೊದಲು, “ದೇವರ ಮನಿ ಬಾಜೂಕ ಇದೇನ ನಡಸೀರಿ,” ಎಂದು ಸಿಡುಕಿದಳು. ಎರಡನೆಯ ಭಾನುವಾರ ಅವಳೇ ಮೋಸಂಬಿ ಸುಲಿಯುತ್ತ ನಮ್ಮ ಜೊತೆ ಕೂತಿದ್ದಳು.

ಖಾನಾಪುರಕ್ಕೆ ಹೋದ ದಿನ ಮಳೆ ಬಿಟ್ಟಿತ್ತು. ಕೂಸನ್ನು ಎತ್ತಿಕೊಂಡು ಅವನ ಹೆಂಡತಿಯೂ ಬಂದಿದ್ದಳು. ಮುದುಕರ ಮನೆಯ ಪಡಸಾಲೆಯಲ್ಲಿ ಹಾಲು ಕುಡಿಸುತ್ತ ಕೂತಳು. ನಾವು ಮೂವರು ಗೋದಾಮಿನೊಳಗೆ ಹೋದೆವು. ಸುಣ್ಣದ ಗೋಡೆ, ತಂಪು, ಯಂತ್ರದ ಗುಂಯ್‌ಗುಟ್ಟುವಿಕೆ. ಮುದುಕರು ಹಡಗಿನ ಕಾಲದ ಉದ್ದ ಕಾಲಿನ ಗ್ಲಾಸುಗಳನ್ನು ತೊಳೆದು ಒರೆಸಿ ತಂದಿದ್ದರು. ತಮ್ಮ ಟ್ಯಾಂಕಿನ ನಳ ತಿರುವಿ ಕಾಲುಭಾಗ ತುಂಬಿಸಿ ನನ್ನ ಕೈಗೆ ಕೊಟ್ಟ.

“ಮೊದಲ ಬಣ್ಣ ನೋಡು. ಗ್ವಾಡಿಗಿ ಹಿಡದು.”

ಒಣಗಿದ ಜೋಳದ ದಂಟಿನ ಬಣ್ಣ, ಅಂಚಿನಲ್ಲಿ ನಸು ಹಸಿರು. ಒಂದು ಕಸವಿಲ್ಲ. ಹೇಳಿದೆ.

“ಈಗ ಅಲಗಾಡಿಸದ ಮೂಸು.”

ಮೂಸಿದೆ. ಬೇಸಿಗೆಯ ಪೇರಲ ಹೋಗಿಬಿಟ್ಟಿತ್ತು. ಅದರ ಜಾಗದಲ್ಲಿ ಮೋಸಂಬಿ ಸಿಪ್ಪೆ. ಉಗುರು ನಾಟಿದಾಗ ಚಿಮ್ಮುತ್ತದಲ್ಲ, ಅದು. ಗ್ಲಾಸು ತಿರುವಿದ ಮೇಲೆ ಅನಾನಸು ಬಂತು, ಮತ್ತೆ ಮೂಸಿದಾಗ ಎಲ್ಲೋ ಆಳದಿಂದ ಕಡೆದ ಬೆಣ್ಣೆ. ಗೋಣಿತಟ್ಟಿಗಾಗಿ ಹುಡುಕಿದೆ, ಶಿರ್ಕಾಕ್ಕಾಗಿ ಹುಡುಕಿದೆ. ಇರಲಿಲ್ಲ. ಒಂದು ಗುಟುಕು ಬಾಯಿಗೆ ತೆಗೆದುಕೊಂಡೆ. ಹುಟ್ಟಿದಾಗಿನಿಂದ ಬೇಡವೆಂದದ್ದನ್ನು ಬಾಯಿಯಲ್ಲಿ ಇಟ್ಟುಕೊಂಡಾಗ ಭಯವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ತಣ್ಣಗೆ, ಹುಳಿಯಾಗಿ, ಆಮೇಲೆ ಮೆಲ್ಲನೆ ದುಂಡಗಾಗಿ ನಾಲಿಗೆಯ ಮೇಲೆ ಹರಡಿತು. ಅವನು ಹೇಳಿಕೊಟ್ಟಂತೆ ಬಕೆಟ್ಟಿಗೆ ಉಗುಳಿದೆ.

“ಚಲೋ ಐತಿ,” ಎಂದೆ. ಒಂದೊಂದನ್ನೂ ಬಿಡಿಸಿ ಹೇಳಿದೆ. ನನಗೇ ಗೊತ್ತಿಲ್ಲದೆ ನನ್ನ ದನಿ ಏರಿತ್ತು. “ಖರೇನ ಚಲೋ ಐತೋ. ಎಲ್ಲೂ ಕೆಟ್ಟಿಲ್ಲ.”

ಮುದುಕರು, “ನಾ ಏನ ಹೇಳಿದ್ದೆ, ಬಾಬಾ? ಫಸ್ಟ್ ಕ್ಲಾಸ್!” ಎಂದು ಚಪ್ಪಾಳೆ ಹೊಡೆದರು.

ತಮ್ಮ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ. “ನಾ ಕಲಿಸಿದ್ದನ್ನ ಸಾಲಿ ಪಾಠ ಒಪ್ಪಿಸಿದಂಗ ಒಪ್ಪಸ್ತಿ,” ಎಂದ. “ಮೋಸಂಬಿ, ಅನಾನಸ, ಬೆಣ್ಣಿ. ನನ್ನ ಮಾರಿ ನೋಡಿ ನಿನಗ ಕೆಟ್ಟ ಅನಿಸೈತಿ, ಅದಕ್ಕ ಹಿಂಗ ಹೇಳಾಕತ್ತಿ.”

“ನಿನ್ನ ಮ್ಯಾಲಾಣೆ—”

“ಆಣಿ ಮಾಡಬ್ಯಾಡ! ಅವ್ವನೂ ಹಿಂಗ ಅಂತಾಳ, ಆಕಿನೂ ಹಿಂಗ ಅಂತಾಳ. ಎಲ್ಲಾರೂ ನನಗ ಸಮಾಧಾನ ಮಾಡೂರ. ನನಗ ಹೆಂಗ ಗೊತ್ತಾಗಬೇಕ? ಹೇಳು, ಹೆಂಗ ಗೊತ್ತಾಗಬೇಕ?”

ಪಡಸಾಲೆಯಲ್ಲಿ ಕೂಸು ಬೆಚ್ಚಿ ಅತ್ತಿತು. ಅವನು ಬಾಗಿಲು ದೂಡಿಕೊಂಡು ಬಳ್ಳಿಗಳ ನಡುವೆ ನಡೆದುಬಿಟ್ಟ.

ನಾನು ಗ್ಲಾಸು ಹಿಡಿದುಕೊಂಡೇ ನಿಂತಿದ್ದೆ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ವೈನ್ ಕೆಟ್ಟಿದ್ದರೂ ನಾನು ಅದನ್ನೇ ಹೇಳುತ್ತಿದ್ದೆನೇನೋ. ಮುದುಕರು ಸ್ಟೂಲಿನ ಮೇಲೆ ಕೂತು, “ಅಂವ ಅಪಘಾತ ಆದ ಮ್ಯಾಲ ಒಂದ ಹನಿ ಬಾಯಾಗ ಹಾಕಿಲ್ಲ, ಟೀಚರ್,” ಎಂದರು. “ನಾ ಎಷ್ಟ ಕೊಟ್ರೂ ಒಲ್ಲೆ ಅಂತಾನ. ನನ್ನ ಬಾಯಿಗೆ ಅದು ನೀರ ಆಗಿರತೈತಿ, ನನ್ನ ಕೈಲೆ ನೋಡಾಕ ಆಗೂದಿಲ್ಲ ಅಂತಾನ.”

ನಾನು ಮತ್ತೊಂದು ಗುಟುಕು ತೆಗೆದುಕೊಂಡೆ. ಈ ಸಲ ಉಗುಳಲಿಲ್ಲ, ನುಂಗಿದೆ. ಗಂಟಲು ಬೆಚ್ಚಗಾಯಿತು. ಎಲ್ಲ ಮುಗಿಯಿತು ಎಂದುಕೊಂಡ ಮೇಲೆ, ನಾಲಿಗೆಯ ಬುಡದಲ್ಲಿ ಏನೋ ಉಳಿಯಿತು. ಮೋಸಂಬಿ ತೊಳೆ ತಿನ್ನುವಾಗ ಗೊತ್ತಾಗದೆ ಬೀಜ ಕಚ್ಚಿದಂತೆ ಒಂದು ಕಹಿ. ಹೆಚ್ಚಿರಲಿಲ್ಲ, ಆದರೆ ಹೋಗಲೂ ಇಲ್ಲ. ಮತ್ತೊಮ್ಮೆ ನುಂಗಿ ನೋಡಿದೆ. ಇತ್ತು.

ಹೊರಗೆ ಹೋದೆ. ಕೆಸರಿನಲ್ಲಿ ಚಪ್ಪಲಿ ಕಚ್ಚಿಕೊಳ್ಳುತ್ತಿತ್ತು. ಅವನು ಸಾಲಿನ ಕೊನೆಯಲ್ಲಿ ಕಲ್ಲುಕಂಬಕ್ಕೆ ಒರಗಿ ನಿಂತಿದ್ದ.

“ಒಂದ ಮಾತ ಕೇಳು,” ಎಂದೆ. “ಅದರಾಗ ಒಂದ ಕೊರತಿ ಐತಿ. ಕಡೀಕ ಕಹಿ ಉಳೀತೈತಿ.”

ಅವನು ತಟ್ಟನೆ ತಿರುಗಿದ. “ಎಲ್ಲೆ?”

“ಹಿಂದ, ನಾಲಿಗಿ ಬುಡಕ. ಉಗಳಿದ್ರ ಗೊತ್ತಾಗೂದಿಲ್ಲ. ನುಂಗಿದ ಮ್ಯಾಲ ಬರತೈತಿ, ಬೀಜ ಕಡದಂಗ.”

ಅವನು ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡ. ಅದನ್ನು ಮೂಗಿನ ಹತ್ತಿರ ಒಯ್ದು, ಅಭ್ಯಾಸದಿಂದ, ಮತ್ತೆ ತಾನೇ ಕೆಳಗಿಳಿಸಿದ. ಆಮೇಲೆ ಉಳಿದದ್ದನ್ನೆಲ್ಲ ಒಂದೇ ಸಲ ಕುಡಿದು ಕಣ್ಣು ಮುಚ್ಚಿದ. ಗಂಟಲ ಮಣಿ ಮೇಲೆ ಕೆಳಗೆ ಆಡುವುದನ್ನು ನೋಡುತ್ತ ನಿಂತೆ.

“ಹುಳಿ ಐತಿ,” ಎಂದ. ಸ್ವಲ್ಪ ತಡೆದು, “ತಣ್ಣಗೈತಿ.” ಮತ್ತೆ ತಡೆದ. “ಐತಿ. ಕಹಿ ಐತಿ, ಅಕ್ಕಾ. ನೀ ಹೇಳಿದಲ್ಲೇ ಐತಿ.”

ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನಾಲ್ಕೈದು ವರ್ಷ ಬೆನ್ನು ಬಗ್ಗಿಸಿ ಬೆಳೆಸಿದ್ದರಲ್ಲಿ ಅವನಿಗೆ ಸಿಕ್ಕಿದ್ದು ಅಷ್ಟೇ, ಅದರ ಹುಳಿ ಮತ್ತು ಅದರ ಕೊರತೆ.

“ಹಂಗಾರ ಉಳದದ್ದೂ ಖರೇ?” ಎಂದು ಕೇಳಿದ. “ಮೋಸಂಬಿ?”

“ಖರೇ.”

“ಬೆಣ್ಣಿ?”

“ಖರೇನಪಾ. ನೀ ಹೇಳಿದ್ದಿ ನೋಡು, ಆಗಷ್ಟ ಕಡದದ್ದು. ಅದ.”

ಅವನು ಕೆಸರಿನಲ್ಲೇ ಕುಕ್ಕರಿಸಿ ಕೂತು ಮುಖ ಮುಚ್ಚಿಕೊಂಡ. ನಾನೂ ಸೀರೆ ಎತ್ತಿಕೊಂಡು ಪಕ್ಕದಲ್ಲಿ ಕೂತೆ. ಸಣ್ಣವನಿದ್ದಾಗ ಅಪ್ಪನ ಮಣ್ಣು ಮುಗಿಸಿ ಬಂದ ದಿನವೂ ಅವನು ಇಷ್ಟು ಅತ್ತಿರಲಿಲ್ಲ. ಅಳು ನಿಂತ ಮೇಲೆ ಮೂಗು ಒರೆಸಿಕೊಂಡು, “ಹಿಂಡೂ ಮುಂದ ಜಾಸ್ತಿ ಒತ್ತೀನಿ. ಬೀಜ ಒಡದಾವು. ಮುಂದಿನ ವರ್ಷ ಹಗೂರ ಹಿಂಡೂಣು,” ಎಂದ. ನಾನು ಹೂಂ ಎಂದೆ.

ಹೋಟೆಲಿನವರು ಬಂದರು. ಕುಡಿದು ನೋಡಿ, ಚೆನ್ನಾಗಿದೆ ಎಂದರು. ಕಹಿಯ ಮಾತನ್ನು ತಮ್ಮನೇ ಎತ್ತಿದಾಗ, ಮೀನಿನ ಜೊತೆ ಅದು ಗೊತ್ತೂ ಆಗುವುದಿಲ್ಲ ಎಂದು ನಕ್ಕರು. ಆ ವರ್ಷದ್ದೆಲ್ಲ ಬಾಟಲಿಯಾಗಿ ಘಟ್ಟ ಇಳಿದು ಹೋಯಿತು. ತಮ್ಮನಿಗೆ ವಾಸನೆ ಇಲ್ಲವೆಂದು ನಾವು ಯಾರೂ ಅವರಿಗೆ ಹೇಳಲಿಲ್ಲ.

ಮುಂದಿನ ವರ್ಷ ಹಗುರ ಹಿಂಡಿದರು. ಶನಿವಾರ ಸಂಜೆ, ಭಾನುವಾರ ನಾನು ಹೋಗಿ ಮೂಸಿ ಹೇಳುತ್ತಿದ್ದೆ. ಆದರೆ ಹುದುಗು ಏಳುವ ರಸವನ್ನು ದಿನವೂ ಮೂಸಬೇಕಾಗುತ್ತದೆ; ಅದು ಕೆಡುವ ಮುನ್ನ ವಾಸನೆಯಲ್ಲೇ ಸುಳಿವು ಕೊಡುತ್ತದೆ. ಪರೀಕ್ಷೆಯ ಕೆಲಸದಿಂದಾಗಿ ನನಗೆ ನಡುವೆ ಕೆಲವು ವಾರ ಹೋಗಲು ಆಗಲಿಲ್ಲ. ಮುದುಕರು ಜ್ವರ ಬಂದು ಮಲಗಿದ್ದರು. ತಮ್ಮ ಮಾತ್ರ ಪ್ರತಿ ಸಂಜೆ ಹೋಗಿ, ಟ್ಯಾಂಕಿಗೆ ಒರಗಿ ಕೂತು, ಶಾಖ ನೋಡಿ, ತಂಪು ನೋಡಿ, ನಾಲಿಗೆಗೆ ಹತ್ತಿದ ಹುಳಿ ದ್ರಾಕ್ಷಿಯದೇ, ಎಲ್ಲ ಸರಿ ಇದೆ ಎಂದುಕೊಂಡು ಬರುತ್ತಿದ್ದ. ನಾನು ಹೋದ ದಿನ ಗೋದಾಮಿನ ಬಾಗಿಲು ತೆರೆಯುವಾಗಲೇ ಶಿರ್ಕಾದ ಘಾಟು ಮೂಗಿಗೆ ಹೊಡೆಯಿತು. ಅವನು ನನ್ನ ಮುಂದೆಯೇ ಒಳಗೆ ನಡೆದಿದ್ದ. ತಿರುಗಿ ನನ್ನ ಮುಖ ನೋಡಿದ. ನಾನು ಒಂದೊಂದೇ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದೆ.

“ಎರಡೂನೂ?” ಎಂದ.

“ಎರಡೂ.”

ಅವನು ಹೋಗಿ ಯಂತ್ರ ಬಂದ್ ಮಾಡಿದ. ಅಷ್ಟು ದಿನದ ಸದ್ದು ನಿಂತಾಗ ಹೊರಗಿನ ಹಕ್ಕಿಗಳ ಕೂಗು ಕೇಳಿಸಿತು.

ಮಳೆಗಾಲದ ಮೊದಲು ಟ್ಯಾಂಕುಗಳನ್ನು ಲಾರಿಯಲ್ಲಿ ಉದ್ಯಮಬಾಗಕ್ಕೆ ತಂದ. ಅವು ಡೇರಿಗೆ ಹೋದವು. ಮುದುಕರು ಬಳ್ಳಿಗಳನ್ನು ಒಂದು ವರ್ಷ ಹಾಗೇ ಬಿಟ್ಟಿದ್ದರು. ಮೈಲುತುತ್ತ ಹೊಡೆಯುವವರಿಲ್ಲದೆ ಅವು ತಾವಾಗಿಯೇ ಹೋದವು. ಕೊನೆಯ ಸಲ ನೋಡಲು ಹೋದಾಗ ಮುದುಕರು ತಮ್ಮನ ಕೈ ಹಿಡಿದುಕೊಂಡು, “ಚಲೋ ಇತ್ತ, ಬಾಬಾ. ನಾ ಸುಳ್ಳ ಹೇಳೂದಿಲ್ಲ,” ಎಂದರು. ಅವನು, “ನನಗ ಗೊತ್ತೈತಿ,” ಎಂದ. ಅದಾಗಿ ಹೆಚ್ಚು ದಿನ ಅವರು ಉಳಿಯಲಿಲ್ಲ.

ಡಾಕ್ಟರು ಹೇಳಿದ ವರ್ಷ ಕಳೆದು, ಮತ್ತೊಂದು ಕಳೆದು, ನಾವು ಕೇಳುವುದನ್ನು ಬಿಟ್ಟೆವು. ಅವನು ಊಟಕ್ಕೆ ಕೂತಾಗ ಉಪ್ಪಿನಕಾಯಿ ಹೆಚ್ಚು ಹಾಕಿಕೊಳ್ಳುತ್ತಿದ್ದ. ಅನ್ನ ಹಳಸಿಲ್ಲವಲ್ಲ ಎಂದು ಹೆಂಡತಿಯನ್ನು ಕೇಳಿ ತುತ್ತೆತ್ತುತ್ತಿದ್ದ. ಮಗಳು ಬೆಳೆದು ತೊದಲು ಮಾತಾಡತೊಡಗಿದಳು. ಮಾತು ಕಡಿಮೆಯಾದದ್ದು ಅವನದು.

ಮರುವರ್ಷದ ಚಳಿಗಾಲದಲ್ಲಿ ಅವ್ವ ಹೋದಳು, ಹೆಚ್ಚು ನರಳದೆ. ಹದಿಮೂರನೆಯ ದಿನದ ಕಾರ್ಯ ಮುಗಿದು, ಬಂದವರೆಲ್ಲ ಹೋದ ಮೇಲೆ ನಾನು ಅವಳ ಟ್ರಂಕು ತೆಗೆದು ಸೀರೆಗಳನ್ನು ವಿಂಗಡಿಸುತ್ತಿದ್ದೆ. ತಮ್ಮ ಬಂದು ನೆಲದ ಮೇಲೆ ಕೂತ. ಮೇಲಿದ್ದ ಇಳಕಲ್ ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು ದಡಿಯನ್ನು ಬೆರಳಿನಿಂದ ಸವರಿದ.

“ಅಕ್ಕಾ, ಇದರಾಗ ಅವ್ವ ಇನ್ನೂ ಅದಾಳೇನು?” ಎಂದು ಕೇಳಿದ.

ನಾನು ಸೀರೆ ತೆಗೆದುಕೊಂಡು ಮುಖಕ್ಕೆ ಒತ್ತಿಕೊಂಡೆ. ಅವನು ಕಾಯುತ್ತಿದ್ದ. ಅವಸರ ಮಾಡಲಿಲ್ಲ.

“ಅದಾಳ,” ಎಂದೆ. “ಕೊಬ್ಬರಿ ಎಣ್ಣಿ ಐತಿ. ಎಲಿ ಅಡಕಿ ಐತಿ. ಬೆವರ ಐತಿ, ಸ್ವಲ್ಪ.”

ಅವನು ತಲೆಯಾಡಿಸಿದ. “ಮತ್ತ?” ಎಂದ.